ಕೊರಳಿನ ನಾಲ್ಕು ಕಾಳುಗಳು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋದವರು ಅಲ್ಲಿಯ ಕೇದಾರೇಶ್ವರ ದೇವಾಲಯವನ್ನು ನೋಡದೆ ಹಿಂದಿರುಗುವುದಿಲ್ಲ. ಒಂದು ಕಾಲಕ್ಕೆ ಆ ದೇವಾಲಯವನ್ನು ಹೊಂದಿಕೊಂಡು ಕೋಡಿಯ ಮಠವೆಂಬ ಹೆಸರಾಂತ ವಿದ್ಯಾಸಂಸ್ಥೆಯಿತ್ತು. ಕ್ರಿ.ಶ. ೧೧೬೨ರ ಒಂದು ಶಾಸನವು ಆ ಮಠದಲ್ಲಿ ನಡೆಯುತ್ತಿದ್ದ ಪಾಠಪ್ರವಚನಗಳನ್ನು ವಿವರಿಸುವುದರ ಜೊತೆಗೆ, ದಿಕ್ಕಿಲ್ಲದ ರೋಗಿಗಳಿಗೆ ಅಲ್ಲಿ ಔಷಧೋಪಚಾರ ದೊರೆಯುತ್ತಿದ್ದುದನ್ನೂ ತಿಳಿಸುತ್ತದೆ. ನೆರೆಯ ಸೊರಬ ತಾಲ್ಲೂಕು ವೈದ್ಯಶಾಸ್ತ್ರದ ಚರಿತ್ರೆಯನ್ನು ಸೇರಿದುದು ಬೇರೊಂದು ಬಗೆಯಲ್ಲಿ. ೧೯೫೭ರಲ್ಲಿ ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಣ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಮೊದಲು ವಿಷಮಶೀತಜ್ವರವಿರಬಹುದೆಂದು ಎಣಿಸಿದ್ದ ಆ ಕಾಯಿಲೆ, ಉಣ್ಣೆಗಳ ಮೂಲಕ ಹರಡುವ ಹೊಸದೊಂದು ವೈರಸ್ಸಿನದೆಂದು ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ತೋರಿಸಿಕೊಟ್ಟರು.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ನೆನೆದಾಗ ಒಂದು ಮಾತು ಮನಸ್ಸಿಗೆ ಹೊಳೆಯುತ್ತದೆ. ರೋಗಿಗೆ ಆಶ್ರಯವನ್ನೂ ಔಷಧವನ್ನೂ ಕೊಟ್ಟರೆ ಸಾಲದು. ರೋಗದ ನಿಜವಾದ ಗುರುತನ್ನು ಹಿಡಿಯಬೇಕು. ಅಪರೂಪದ ರೋಗವು ನಮ್ಮ ಮನೆಯ ಬಾಗಿಲಿಗೆ ಬರುವಾಗ ಪರಿಚಿತ ರೋಗದ ವೇಷವನ್ನು ತೊಟ್ಟೇ ಬರುತ್ತದೆ. ಅಂತಹ ವೇಷಧಾರಿ ರೋಗಗಳಲ್ಲಿ ಒಂದನ್ನು ಕುರಿತು ಈ ಲೇಖನ. ಅದು ಜ್ವರವಲ್ಲ, ಅಂಟುರೋಗವಲ್ಲ. ಯಾವುದೊಂದು ಸೀಮೆಗೆ ಸೇರಿದ್ದೂ ಅಲ್ಲ. ಅದರ ಬೇರು ಇರುವುದು ನಮ್ಮೆಲ್ಲರ ಕೊರಳಿನಲ್ಲಿರುವ ನಾಲ್ಕು ಪುಟ್ಟ ಕಾಳುಗಳಲ್ಲಿ. ಅವುಗಳಿಗೆ ಪ್ಯಾರಾಥೈರಾಯಿಡ್ ಗ್ರಂಥಿಗಳೆಂದು ಹೆಸರು.

ಒಬ್ಬ ರೋಗಿಯ ಚಿತ್ರ

ಸೊರಬದ ಕಡೆಯ ಒಂದು ಹಳ್ಳಿಯಲ್ಲಿ ನಲವತ್ತರ ಆಸುಪಾಸಿನ ಗೃಹಿಣಿಯೊಬ್ಬಳಿರುವಳೆಂದು ಊಹಿಸಿಕೊಳ್ಳೋಣ. ಇದು ಕಲ್ಪಿತ ಚಿತ್ರ. ಆದರೆ ಇದರಲ್ಲಿ ಬರುವ ಒಂದೊಂದು ಲಕ್ಷಣವನ್ನೂ ವೈದ್ಯರು ನಿಜವಾದ ರೋಗಿಗಳಲ್ಲಿ ಕಂಡಿದ್ದಾರೆ.

ಮೂರು ನಾಲ್ಕು ವರ್ಷಗಳಿಂದ ಆಕೆಗೆ ಸೊಂಟದಲ್ಲಿಯೂ ಕಾಲುಗಳಲ್ಲಿಯೂ ನೋವು. ಗದ್ದೆಯಲ್ಲಿ ನಾಟಿ ಮಾಡಿ ಬಂದ ದಿನ ಹೆಚ್ಚುತ್ತದೆ. ಆದುದರಿಂದ ದುಡಿಮೆಯ ನೋವೆಂದು ಮನೆಯವರ ತೀರ್ಮಾನ. ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲಾಗಿ, ಹೊಟ್ಟೆ ಕಿವುಚಿದಂತಾಗಿ, ಪೇಟೆಯ ಆಸ್ಪತ್ರೆಗೆ ಹೋಗಿ ಬಂದಿದ್ದಾಳೆ. ಮಲಬದ್ಧತೆಯುಂಟು, ಬಾಯಾರಿಕೆಯುಂಟು, ರಾತ್ರಿ ಮೂರು ನಾಲ್ಕು ಸಲ ಏಳಬೇಕು. ಮೊದಲು ಲವಲವಿಕೆಯಿಂದಿದ್ದವಳು ಈಗ ಮಂಕಾಗಿ ಕುಳಿತಿರುತ್ತಾಳೆ. ಒಬ್ಬ ವೈದ್ಯರು ಮೂಳೆಯ ನೋವಿಗೆ ಸುಣ್ಣದ ಮಾತ್ರೆ ಕೊಟ್ಟರು. ಇನ್ನೊಬ್ಬರು ಕಲ್ಲಿಗೆ ಔಷಧ ಬರೆದರು. ಮತ್ತೊಬ್ಬರು ಹೊಟ್ಟೆಯ ಉರಿಗೆ. ಒಂದು ದಿನ ಅಂಗಳದಲ್ಲಿ ಸ್ವಲ್ಪ ಎಡವಿದಷ್ಟಕ್ಕೆ ಆಕೆಯ ತೊಡೆಯ ಮೂಳೆ ಮುರಿಯಿತು.

ಮೂಳೆ, ಕಲ್ಲು, ಹೊಟ್ಟೆ, ಮನಸ್ಸು: ನಾಲ್ಕು ದೂರುಗಳು, ನಾಲ್ಕು ಚಿಕಿತ್ಸೆಗಳು. ಇವೆಲ್ಲಕ್ಕೂ ಒಂದೇ ಕಾರಣವಿರಬಹುದೇ ಎಂಬ ಪ್ರಶ್ನೆಯನ್ನು ಯಾರೂ ಹಾಕಲಿಲ್ಲ. ಆ ಪ್ರಶ್ನೆಯನ್ನು ಹಾಕಲು ಮೊದಲು ಆ ನಾಲ್ಕು ಕಾಳುಗಳ ಪರಿಚಯ ನಮಗೆ ಆಗಬೇಕು.

ಖಡ್ಗಮೃಗದಿಂದ ಮನುಷ್ಯನವರೆಗೆ

ಕೊರಳಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ಒತ್ತಿಕೊಂಡು ಚಿಟ್ಟೆಯಾಕಾರದ ಥೈರಾಯಿಡ್ ಗ್ರಂಥಿಯಿದೆಯಷ್ಟೆ. ಅದರ ಬೆನ್ನಿಗೆ, ಬಲಕ್ಕೆ ಎರಡು ಎಡಕ್ಕೆ ಎರಡರಂತೆ, ಅಕ್ಕಿಕಾಳಿನಷ್ಟು ಅಥವಾ ತೊಗರಿಬೇಳೆಯಷ್ಟು ಗಾತ್ರದ, ಹಳದಿ ಬೆರೆತ ಕಂದು ಬಣ್ಣದ ನಾಲ್ಕು ಗ್ರಂಥಿಗಳಿವೆ. ಒಂದೊಂದರ ತೂಕ ಸುಮಾರು ೩೦ರಿಂದ ೫೦ ಮಿಲಿಗ್ರಾಂ. ಥೈರಾಯಿಡಿನ ನೆರೆಯಲ್ಲಿರುವ ಕಾರಣದಿಂದಲೇ ಅವುಗಳಿಗೆ ಪ್ಯಾರಾಥೈರಾಯಿಡ್ ಎಂದು ಹೆಸರು ಬಂದಿತೇ ಹೊರತು, ಎರಡರ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ.

ಇವುಗಳನ್ನು ಮೊದಲು ಗುರುತಿಸಿದ ಕಥೆಗೆ ನಮ್ಮ ದೇಶದ ನಂಟಿದೆ. ಲಂಡನ್ನಿನ ಮೃಗಶಾಲೆಯವರು ೧೮೩೪ರಲ್ಲಿ ಕೊಂಡಿದ್ದ ಭಾರತದ ಒಂಟಿಕೊಂಬಿನ ಖಡ್ಗಮೃಗವೊಂದು ೧೮೪೯ರಲ್ಲಿ ಸತ್ತಿತು. ಅದರ ದೇಹವನ್ನು ಛೇದಿಸಿ ನೋಡಿದ ರಿಚರ್ಡ್ ಓವೆನ್ ಎಂಬ ಅಂಗರಚನಾ ಶಾಸ್ತ್ರಜ್ಞನು ಥೈರಾಯಿಡಿಗೆ ಅಂಟಿಕೊಂಡಿದ್ದ ಹಳದಿ ಬಣ್ಣದ ಪುಟ್ಟ ಗ್ರಂಥಿಯೊಂದನ್ನು ಕಂಡು ಬರೆದಿಟ್ಟನು. ದೈತ್ಯಪ್ರಾಣಿಯಲ್ಲಿ ಗ್ರಂಥಿಯೂ ದೊಡ್ಡದಾಗಿತ್ತು. ಆದುದರಿಂದ ಕಣ್ಣಿಗೆ ಬಿತ್ತು. ಮನುಷ್ಯನಲ್ಲಿ ಅದನ್ನು ಕಂಡವನು ಸ್ವೀಡನ್ನಿನ ಉಪ್ಸಾಲಾ ನಗರದ ಐವಾರ್ ಸ್ಯಾಂಡ್‌ಸ್ಟ್ರೋಮ್. ೧೮೭೭ರಲ್ಲಿ ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದಾಗ ಆತನು ನಾಯಿಯೊಂದರ ಕೊರಳಿನಲ್ಲಿ ಈ ಗ್ರಂಥಿಯನ್ನು ನೋಡಿದನು. ಅನಂತರ ಬೇರೆ ಪ್ರಾಣಿಗಳಲ್ಲಿಯೂ ಐವತ್ತು ಮಾನವ ಶವಗಳಲ್ಲಿಯೂ ಹುಡುಕಿ, ೧೮೮೦ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಬಹುಕಾಲ ಅದನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ೧೮೮೯ರಲ್ಲಿ, ಇನ್ನೂ ನಲವತ್ತು ತುಂಬುವ ಮುನ್ನವೇ, ಆತನು ತೀರಿಕೊಂಡನು.

ಗ್ರಂಥಿಗಳ ಕೆಲಸವೇನು? ಥೈರಾಯಿಡಿನ ಶಸ್ತ್ರಚಿಕಿತ್ಸೆಯಾದ ಕೆಲವು ರೋಗಿಗಳಿಗೆ ಕೈಕಾಲುಗಳು ಸೆಡೆತು, ಪ್ರಾಣಕ್ಕೇ ಅಪಾಯವಾಗುತ್ತಿದ್ದುದು ಆಗಿನ ಶಸ್ತ್ರವೈದ್ಯರಿಗೆ ಒಗಟಾಗಿತ್ತು. ಥೈರಾಯಿಡಿನ ಜೊತೆಗೆ ಈ ಕಾಳುಗಳನ್ನೂ ತಿಳಿಯದೆ ಕತ್ತರಿಸಿದ್ದೇ ಅದಕ್ಕೆ ಕಾರಣವೆಂಬುದು ಕ್ರಮೇಣ ತಿಳಿಯಿತು. ೧೯೦೮-೦೯ರಲ್ಲಿ ಅಮೆರಿಕದ ಮೆಕ್ಯಾಲಮ್ ಮತ್ತು ಫೋಯ್ಗ್ಟ್ಲಿನ್ ಎಂಬ ವಿಜ್ಞಾನಿಗಳು ಅಂತಹ ಸೆಡೆತವುಳ್ಳ ನಾಯಿಗಳಿಗೆ ಕ್ಯಾಲ್ಸಿಯಂ ಲವಣವನ್ನು ಚುಚ್ಚಿದಾಗ ಸೆಡೆತ ನಿಂತುಹೋಯಿತು. ಕಾಳುಗಳಿಗೂ ಕ್ಯಾಲ್ಸಿಯಮ್ಮಿಗೂ ಇರುವ ನಂಟು ಹೀಗೆ ಬಯಲಾಯಿತು. ೧೯೨೫ರಲ್ಲಿ ಕೆನಡದ ಕಾಲಿಪ್ ಎಂಬಾತನು ಗ್ರಂಥಿಗಳ ಸಾರವನ್ನು ತೆಗೆದು, ಅದು ರಕ್ತದ ಕ್ಯಾಲ್ಸಿಯಮ್ಮನ್ನು ಏರಿಸುವುದೆಂದು ತೋರಿಸಿದನು.

ರಕ್ತದ ಲೆಕ್ಕಪತ್ರ

ನಮ್ಮ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ ೯೯ ಪಾಲು ಮೂಳೆಗಳಲ್ಲಿಯೂ ಹಲ್ಲುಗಳಲ್ಲಿಯೂ ಅಡಗಿದೆ. ಉಳಿದ ಅಲ್ಪಾಂಶದ ಮೇಲೆಯೇ ಸ್ನಾಯುಗಳ ಚಲನೆ, ನರಗಳ ಸಂದೇಶ, ಹೃದಯದ ಬಡಿತ, ರಕ್ತದ ಹೆಪ್ಪುಗಟ್ಟುವಿಕೆ ಎಲ್ಲವೂ ನಿಂತಿವೆ. ಆರೋಗ್ಯವಂತನ ರಕ್ತದ ೧೦೦ ಮಿಲಿಲೀಟರಿನಲ್ಲಿ ಸುಮಾರು ೮.೫ರಿಂದ ೧೦.೫ ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನಾವು ರಾಗಿಮುದ್ದೆಯನ್ನುಂಡರೂ ಸರಿ, ಉಪವಾಸವಿದ್ದರೂ ಸರಿ, ಈ ಮಟ್ಟ ಹೆಚ್ಚಾಗಿ ಕದಲುವುದಿಲ್ಲ.

ಕದಲದಂತೆ ಕಾಯುವ ಶ್ಯಾನುಭೋಗರೇ ಆ ನಾಲ್ಕು ಕಾಳುಗಳು. ರಕ್ತದಲ್ಲಿ ಕ್ಯಾಲ್ಸಿಯಂ ಎಳ್ಳಷ್ಟು ಇಳಿದರೂ ಅವು ತಮ್ಮ ಹಾರ್ಮೋನನ್ನು ಸುರಿಸುತ್ತವೆ. ಆ ಹಾರ್ಮೋನು ಮೂರು ಕಡೆಗಳಲ್ಲಿ ಕೆಲಸ ಮಾಡುತ್ತದೆ. ಮೂಳೆಯೆಂಬ ಕಣಜದಿಂದ ಕ್ಯಾಲ್ಸಿಯಮ್ಮನ್ನು ಹೊರಗೆ ತೆಗೆಯಿಸುತ್ತದೆ. ಮೂತ್ರಪಿಂಡಗಳಲ್ಲಿ ಕ್ಯಾಲ್ಸಿಯಂ ಸೋರಿಹೋಗದಂತೆ ತಡೆದು, ಅದರ ಬದಲು ಫಾಸ್ಫೇಟನ್ನು ಹೊರಹಾಕಿಸುತ್ತದೆ. ಅದೇ ಮೂತ್ರಪಿಂಡಗಳಲ್ಲಿ ಡಿ ಜೀವಸತ್ವವನ್ನು ಚುರುಕುಗೊಳಿಸಿ, ಕರುಳು ಆಹಾರದಿಂದ ಹೆಚ್ಚು ಕ್ಯಾಲ್ಸಿಯಮ್ಮನ್ನು ಹೀರುವಂತೆ ಮಾಡುತ್ತದೆ. ರಕ್ತದ ಮಟ್ಟ ಸರಿಹೋದೊಡನೆ ಗ್ರಂಥಿಗಳು ಸುಮ್ಮನಾಗುತ್ತವೆ.

ನಾಲ್ವರಲ್ಲಿ ಒಬ್ಬನು ಅಂಕೆ ಮೀರಿದರೆ? ಒಂದು ಗ್ರಂಥಿಯಲ್ಲಿ ಗಂತಿ, ಎಂದರೆ ಗಡ್ಡೆ ಬೆಳೆದಾಗ ಆಗುವುದು ಇದೇ. ರಕ್ತದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಗಂತಿಯು ಹಾರ್ಮೋನನ್ನು ಸುರಿಸುತ್ತಲೇ ಇರುತ್ತದೆ. ಕಣಜ ಬರಿದಾಗುತ್ತದೆ: ಮೂಳೆಗಳು ತೆಳುವಾಗಿ, ಟೊಳ್ಳಾಗಿ, ನೋಯುತ್ತವೆ, ಮುರಿಯುತ್ತವೆ. ರಕ್ತದಲ್ಲಿ ತುಂಬಿದ ಕ್ಯಾಲ್ಸಿಯಂ ಮೂತ್ರದ ಮೂಲಕ ಹರಿದು ಕಲ್ಲುಗಟ್ಟುತ್ತದೆ. ಕರುಳು ಜಡವಾಗುತ್ತದೆ, ಹೊಟ್ಟೆ ನೋಯುತ್ತದೆ, ಮನಸ್ಸು ಮಂಕಾಗುತ್ತದೆ. ನಮ್ಮ ಗೃಹಿಣಿಯ ನಾಲ್ಕು ದೂರುಗಳೂ ಈಗ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾದುವಲ್ಲವೇ?

ವಿಯೆನ್ನದ ಟ್ರಾಂ ನೌಕರ, ಅಮೆರಿಕದ ನಾವಿಕ

ಇದನ್ನು ಇಷ್ಟು ಸುಲಭವಾಗಿ ಇಂದು ಹೇಳಬಹುದಾದರೂ, ಕಂಡುಕೊಳ್ಳಲು ವೈದ್ಯರು ಕಷ್ಟಪಡಬೇಕಾಯಿತು. ಮೂಳೆ ಕರಗಿದ ರೋಗಿಗಳ ಶವಪರೀಕ್ಷೆಯಲ್ಲಿ ಪ್ಯಾರಾಥೈರಾಯಿಡ್ ಗಂತಿ ಕಾಣಿಸುತ್ತಿತ್ತು. ಆದರೆ ಯಾವುದು ಕಾರಣ, ಯಾವುದು ಪರಿಣಾಮ? ಮೂಳೆಯ ರೋಗವನ್ನು ಸರಿಪಡಿಸಲು ಗ್ರಂಥಿಯು ಹಿಗ್ಗಿಕೊಂಡಿದೆ ಎಂಬುದು ವಿಯೆನ್ನದ ಯಾಕೋಬ್ ಎರ್ಡ್‌ಹೈಮನ ವಾದವಾಗಿತ್ತು. ೧೯೧೫ರಲ್ಲಿ ಶ್ಲಾಗೆನ್‌ಹೌಫರ್ ಎಂಬಾತನು, ಒಂದೇ ಗ್ರಂಥಿ ಹಿಗ್ಗಿದ್ದರೆ ಅದೇ ರೋಗದ ಮೂಲವಾಗಿರಬೇಕು, ಅದನ್ನು ತೆಗೆದು ನೋಡಬೇಕು ಎಂದು ಸೂಚಿಸಿದನು.

ವಿಯೆನ್ನದಲ್ಲಿಯೇ ಆಲ್ಬರ್ಟ್ ಯಾನೆ ಎಂಬ ಟ್ರಾಂ ನೌಕರನಿದ್ದನು. ಮೂಳೆನೋವಿನಿಂದ ನಡೆಯಲಾರದೆ, ತೊಡೆಯ ಮೂಳೆ ಮುರಿದು ಆಸ್ಪತ್ರೆ ಸೇರಿದ್ದನು. ಫೆಲಿಕ್ಸ್ ಮಾಂಡ್ಲ್ ಎಂಬ ಶಸ್ತ್ರವೈದ್ಯನು ಮೊದಲು ಪ್ರಚಲಿತ ವಾದವನ್ನೇ ನಂಬಿ ಆತನಿಗೆ ಗ್ರಂಥಿಯ ಸಾರವನ್ನು ಕೊಟ್ಟನು. ಬೇರೊಬ್ಬನ ಗ್ರಂಥಿಗಳನ್ನು ಕಸಿಮಾಡಿಯೂ ನೋಡಿದನು. ಫಲವಾಗಲಿಲ್ಲ. ಆಗ ವಾದವನ್ನೇ ತಿರುಗಿಸಿ, ೧೯೨೫ರ ಜುಲೈ ೩೦ರಂದು ಯಾನೆಯ ಕೊರಳನ್ನು ತೆರೆದು, ಸುಮಾರು ಎರಡು ಸೆಂಟಿಮೀಟರ್ ಉದ್ದದ ಗಂತಿಯೊಂದನ್ನು ತೆಗೆದುಹಾಕಿದನು. ನೋವು ಇಳಿಯಿತು, ಮೂತ್ರದಲ್ಲಿ ಹೋಗುತ್ತಿದ್ದ ಕ್ಯಾಲ್ಸಿಯಂ ಕಡಮೆಯಾಯಿತು, ಮಲಗಿದ್ದವನು ಕೋಲೂರಿ ನಡೆದನು. ಒಂದು ಪ್ರಯೋಗವು ಇಪ್ಪತ್ತು ವರ್ಷಗಳ ಚರ್ಚೆಯನ್ನು ತೀರಿಸಿತು. ದುಃಖದ ಸಂಗತಿಯೆಂದರೆ ಕೆಲವು ವರ್ಷಗಳ ಮೇಲೆ ರೋಗ ಮರುಕಳಿಸಿ ೧೯೩೬ರಲ್ಲಿ ಯಾನೆ ತೀರಿಕೊಂಡನು. ಆತನ ಗಂತಿ ಬಹುಶಃ ಕ್ಯಾನ್ಸರ್ ಆಗಿದ್ದಿರಬೇಕೆಂದು ಕೆಲವರು ಶಂಕಿಸಿದ್ದಾರೆ.

ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ಲನ ಕಥೆ ಇದಕ್ಕಿಂತ ಕರುಣಾಜನಕ. ಆರಡಿಗೂ ಮೀರಿದ ಆಜಾನುಬಾಹು ಆತನು. ರೋಗದಿಂದ ಬೆನ್ನುಮೂಳೆಗಳು ಕುಸಿದು ಕ್ರಮೇಣ ಸುಮಾರು ಏಳು ಅಂಗುಲ ಕುಳ್ಳಾದನು. ೧೯೨೬ರಲ್ಲಿ ರೋಗದ ಗುರುತು ಸಿಕ್ಕಿತು. ಆದರೆ ಗಂತಿ ಸಿಕ್ಕಲಿಲ್ಲ. ಒಂದಾದಮೇಲೊಂದರಂತೆ ಆರು ಶಸ್ತ್ರಚಿಕಿತ್ಸೆಗಳು ವ್ಯರ್ಥವಾದುವು. ಕಪ್ತಾನನು ತಾನೇ ಅಂಗರಚನಾ ಶಾಸ್ತ್ರದ ಪುಸ್ತಕಗಳನ್ನು ಓದಿ, ಎದೆಗೂಡನ್ನೂ ಹುಡುಕಬೇಕೆಂದು ಒತ್ತಾಯಿಸಿದನು. ೧೯೩೨ರಲ್ಲಿ ಏಳನೆಯ ಸಲ ಬಾಸ್ಟನ್ನಿನ ವೈದ್ಯರಾದ ಚರ್ಚಿಲ್ ಮತ್ತು ಕೋಪ್ ಅವರು ಎದೆಯನ್ನು ತೆರೆದಾಗ ಅಲ್ಲಿ ಗಂತಿ ದೊರೆಯಿತು. ಅಷ್ಟರಲ್ಲಿ ಮೂತ್ರಪಿಂಡಗಳು ಹಾಳಾಗಿದ್ದುವು. ಆರು ವಾರಗಳ ಮೇಲೆ, ಮೂತ್ರನಾಳದ ಕಲ್ಲಿಗಾಗಿ ಮಾಡಿದ ಚಿಕಿತ್ಸೆಯ ಅನಂತರ, ಆತನು ಮೃತನಾದನು.

ಭ್ರೂಣದಲ್ಲಿ ಈ ಗ್ರಂಥಿಗಳು ಹುಟ್ಟಿದ ಎಡೆಯಿಂದ ಕೆಳಗಿಳಿದು ತಮ್ಮ ಸ್ಥಾನವನ್ನು ಸೇರುತ್ತವೆ. ಕೆಲವೊಮ್ಮೆ ಒಂದು ಗ್ರಂಥಿ ದಾರಿಯಲ್ಲಿಯೇ ನಿಲ್ಲುತ್ತದೆ, ಇಲ್ಲವೆ ನಿಲ್ದಾಣವನ್ನು ದಾಟಿ ಎದೆಗೂಡಿಗೇ ಇಳಿದುಬಿಡುತ್ತದೆ. ಮಾರ್ಟೆಲ್ಲನಿಗೆ ಆದದ್ದು ಅದೇ. ರೋಗದ ಗುರುತು ಹಿಡಿಯುವುದೂ ಗಂತಿಯ ಎಡೆಯನ್ನು ಹುಡುಕುವುದೂ ಎರಡು ಬೇರೆ ಬೇರೆ ಕೆಲಸಗಳೆಂಬ ಪಾಠವನ್ನು ಆತನು ಪ್ರಾಣ ತೆತ್ತು ವೈದ್ಯರಿಗೆ ಕಲಿಸಿದನೆನ್ನಬೇಕು.

ರೋಗನಿದಾನ

ಈಗ ನಮ್ಮ ಗೃಹಿಣಿಯ ಬಳಿಗೆ ಹಿಂದಿರುಗೋಣ. ತೊಡೆಯ ಮುರಿತಕ್ಕಾಗಿ ಆಕೆಯನ್ನು ಶಿವಮೊಗ್ಗೆಯ ಆಸ್ಪತ್ರೆಗೆ ಕರೆತಂದಿದ್ದಾರೆ. ಎಡವಿದಷ್ಟಕ್ಕೆ ತೊಡೆ ಮುರಿದುದೇಕೆ ಎಂದು ಅಲ್ಲಿಯ ವೈದ್ಯರು ಯೋಚಿಸುತ್ತಾರೆ. ಹಿಂದಿನ ಕಲ್ಲುಗಳ ಚೀಟಿಗಳನ್ನು ನೋಡುತ್ತಾರೆ. ರಕ್ತದ ಕ್ಯಾಲ್ಸಿಯಂ ಪರೀಕ್ಷೆಗೆ ಬರೆಯುತ್ತಾರೆ. ಈ ಪರೀಕ್ಷೆ ಅಗ್ಗವಾದುದು, ಸರಳವಾದುದು. ತೋಳಿಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿಯದೆ ರಕ್ತ ತೆಗೆಯಬೇಕು. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿನ ಪ್ರಮಾಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೆಚ್ಚೆಂದು ಕಂಡರೆ ಮತ್ತೊಮ್ಮೆ ನೋಡಬೇಕು. ಆಕೆಯ ಅಂಕೆ ಎರಡು ಸಲವೂ ೧೨ನ್ನು ಮೀರಿತೆನ್ನೋಣ.

ಕ್ಯಾಲ್ಸಿಯಂ ಏರಲು ಬೇರೆ ಕಾರಣಗಳೂ ಉಂಟು. ಬೇರೆ ಅಂಗಗಳ ಕ್ಯಾನ್ಸರ್, ಕ್ಷಯ, ಡಿ ಜೀವಸತ್ವದ ಚುಚ್ಚುಮದ್ದಿನ ಅತಿಬಳಕೆ ಇವು ಕೆಲವು. ಅಡಿಕೆಯ ಸೀಮೆಯವರಾದ ನಮಗೆ ಒಂದು ಕಾರಣ ಕುತೂಹಲಕರವಾಗಿದೆ: ಎಲೆಯಡಿಕೆಯೊಡನೆ ಅತಿಯಾಗಿ ಸುಣ್ಣವನ್ನು ತಿನ್ನುವವರಲ್ಲಿ ಅಪರೂಪಕ್ಕೆ ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಿದ ವರದಿಗಳಿವೆ. ಇವುಗಳನ್ನೆಲ್ಲ ಬೇರ್ಪಡಿಸುವ ಒರೆಗಲ್ಲು ಪ್ಯಾರಾಥೈರಾಯಿಡ್ ಹಾರ್ಮೋನಿನ ಅಳತೆ. ಸುಣ್ಣದಿಂದಲೋ ಚುಚ್ಚುಮದ್ದಿನಿಂದಲೋ ಕ್ಯಾಲ್ಸಿಯಂ ಏರಿದ್ದರೆ ಗ್ರಂಥಿಗಳು ತಾವಾಗಿ ಸುಮ್ಮನಾಗುತ್ತವೆ. ಹಾರ್ಮೋನು ಕನಿಷ್ಠ ಮಟ್ಟದಲ್ಲಿರುತ್ತದೆ. ಕ್ಯಾಲ್ಸಿಯಂ ಹೆಚ್ಚಿದ್ದೂ ಹಾರ್ಮೋನು ತಗ್ಗದೆ ಇದ್ದರೆ ಕಳ್ಳನು ಗ್ರಂಥಿಯಲ್ಲಿಯೇ ಇರುವನೆಂದು ತಿಳಿಯಬೇಕು. ರಕ್ತದಲ್ಲಿ ಅತ್ಯಲ್ಪವಾಗಿರುವ ಈ ಹಾರ್ಮೋನನ್ನು ಅಳೆಯುವ ವಿಕಿರಣ ವಿಧಾನವನ್ನು ೧೯೬೩ರಲ್ಲಿ ಬರ್ಸನ್, ಯಾಲೋ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದರು. ಇಂತಹ ಅಳತೆಯ ವಿಧಾನವನ್ನು ಕಂಡುಹಿಡಿದುದಕ್ಕಾಗಿಯೇ ರೋಸಲಿನ್ ಯಾಲೋ ೧೯೭೭ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು.

ಇಪ್ಪತ್ತನಾಲ್ಕು ಗಂಟೆಗಳ ಮೂತ್ರವನ್ನು ಕೂಡಿಟ್ಟು ಅದರ ಕ್ಯಾಲ್ಸಿಯಮ್ಮನ್ನೂ ಅಳೆಯುವರು. ವಂಶಪಾರಂಪರ್ಯವಾಗಿ ಬರುವ ಒಂದು ನಿರಪಾಯಕಾರಿ ಸ್ಥಿತಿಯಲ್ಲಿ ರಕ್ತದ ಕ್ಯಾಲ್ಸಿಯಂ ಹೆಚ್ಚಾಗಿದ್ದರೂ ಮೂತ್ರದಲ್ಲಿ ಬಹಳ ಕಡಮೆ ಇರುತ್ತದೆ. ಅಂತಹವರಿಗೆ ಶಸ್ತ್ರಚಿಕಿತ್ಸೆ ಬೇಡ. ಕ್ಷಕಿರಣ ಚಿತ್ರಗಳಲ್ಲಿ ಕೈಬೆರಳ ಮೂಳೆಗಳ ಅಂಚು ಇಲಿ ಕಡಿದಂತೆ ಸವೆದಿರುವುದನ್ನೂ, ತಲೆಬುರುಡೆಯು ಉಪ್ಪುಮೆಣಸಿನ ಪುಡಿ ಚೆಲ್ಲಿದಂತೆ ಕಾಣುವುದನ್ನೂ ಬಲ್ಲ ವೈದ್ಯರು ಗುರುತಿಸುತ್ತಾರೆ. ದವಡೆಯಲ್ಲಿಯೋ ಕಾಲಿನ ಮೂಳೆಯಲ್ಲಿಯೋ ಕಂದು ಬಣ್ಣದ ಗಡ್ಡೆಗಳು ಕಾಣಬಹುದು. ಸೂಕ್ಷ್ಮದರ್ಶಕದಲ್ಲಿ ಅವು ಮೂಳೆಯದೇ ಬೇರೊಂದು ಗಂತಿಯಂತೆ ತೋರುವುದರಿಂದ, ಕ್ಯಾಲ್ಸಿಯಂ ನೋಡದೆ ಮುಂದುವರಿದರೆ ವಿನಾಕಾರಣ ಮೂಳೆಯನ್ನೇ ಕತ್ತರಿಸುವ ಪ್ರಮಾದವಾದೀತು. ಮೂಲವಾದ ಕೊರಳಿನ ಗಂತಿಯನ್ನು ತೆಗೆದರೆ ಇಂತಹ ಗಡ್ಡೆಗಳು ಬಹುಮಟ್ಟಿಗೆ ತಾವಾಗಿಯೇ ಗುಣವಾಗುತ್ತವೆ.

ಮೂಳೆಯ ಬೇನೆಯೆಲ್ಲ ಒಂದೇ ಅಲ್ಲವೆಂಬುದಕ್ಕೆ ಸೊರಬ, ಶಿಕಾರಿಪುರಗಳ ನೆರೆಯಲ್ಲಿಯೇ ನಿದರ್ಶನವಿದೆ. ೧೯೭೦ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲುಗಳ ಕೀಲುಗಳು ಸವೆದು ಜನ ನಡೆಯಲಾರದಂತಾಗುವ ಬೇನೆಯೊಂದು ಬೆಳಕಿಗೆ ಬಂದಿತು. ಅದು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿಯುವ, ಮೂಳೆ ಕೀಲುಗಳ ಬೆಳವಣಿಗೆಯ ದೋಷವೆಂದು ಸಂಶೋಧಕರು ಹೇಳಿದ್ದಾರೆ, ಪ್ಯಾರಾಥೈರಾಯಿಡಿನ ರೋಗವಲ್ಲ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರು ರೋಗಿಗಳು ಅಕ್ಕಪಕ್ಕ ಕುಳಿತು ಸೊಂಟನೋವೆಂದು ಹೇಳಿದಾಗ, ಒಬ್ಬರ ನೋವಿನಿಂದ ಇನ್ನೊಬ್ಬರ ನೋವನ್ನು ಬೇರ್ಪಡಿಸುವುದು ಪರೀಕ್ಷೆಯೇ ಹೊರತು ಊಹೆಯಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ೧೯೭೦ರ ದಶಕದಿಂದ ಈಚೆಗೆ ಯಂತ್ರಗಳ ಮೂಲಕ ಸಾಮಾನ್ಯವಾಗಿ ಎಲ್ಲರ ರಕ್ತದಲ್ಲಿಯೂ ಕ್ಯಾಲ್ಸಿಯಮ್ಮನ್ನು ನೋಡುವ ರೂಢಿ ಬಂದುದರಿಂದ, ರೋಗಿಗೆ ಯಾವ ತೊಂದರೆಯೂ ಕಾಣುವ ಮುನ್ನವೇ ಗಂತಿ ಪತ್ತೆಯಾಗುವುದು ಹೆಚ್ಚು. ನಮ್ಮ ದೇಶದ ಚಂಡೀಗಢ, ಲಖನೌ, ದೆಹಲಿ, ವೆಲ್ಲೂರು ಮೊದಲಾದೆಡೆಗಳ ದೊಡ್ಡ ಆಸ್ಪತ್ರೆಗಳಿಗೆ ಬಂದ ರೋಗಿಗಳಲ್ಲಾದರೋ ಮೂಳೆ ಕರಗಿದವರೂ ಕಲ್ಲುಗಟ್ಟಿದವರೂ ಬಹುಸಂಖ್ಯೆಯಲ್ಲಿದ್ದಾರೆ, ವಯಸ್ಸೂ ಚಿಕ್ಕದು. ಡಿ ಜೀವಸತ್ವದ ಕೊರತೆಯು ಮೂಳೆಯ ಕಷ್ಟವನ್ನು ಹೆಚ್ಚಿಸುತ್ತದೆ. ತಡವಾದ ನಿದಾನ ಅದನ್ನು ಇಮ್ಮಡಿಸುತ್ತದೆ.

ಹುಡುಕಾಟ ಮತ್ತು ಶಸ್ತ್ರಕ್ರಿಯೆ

ರೋಗದ ಗುರುತು ರಕ್ತಪರೀಕ್ಷೆಯಿಂದ ಖಚಿತವಾದ ಮೇಲೆಯೇ ಗಂತಿಯ ಎಡೆಯನ್ನು ಹುಡುಕತಕ್ಕದ್ದು. ಶ್ರವಣಾತೀತ ಧ್ವನಿಯಿಂದ ಕೊರಳಿನ ಚಿತ್ರ ತೆಗೆಯುವುದು ಮೊದಲ ಹೆಜ್ಜೆ. ಎರಡನೆಯದು, ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತುವನ್ನು ಸೆಸ್ಟಮಿಬಿ ಎಂಬ ವಸ್ತುವಿಗೆ ಕೂಡಿಸಿ ರಕ್ತಕ್ಕೆ ಸೇರಿಸುವುದು. ಥೈರಾಯಿಡೂ ಗಂತಿಯೂ ಎರಡೂ ಅದನ್ನು ಹೀರುತ್ತವೆ. ಥೈರಾಯಿಡು ಬೇಗ ಬಿಟ್ಟುಕೊಡುತ್ತದೆ, ಗಂತಿ ಹಿಡಿದುಕೊಂಡಿರುತ್ತದೆ. ಒಂದೆರಡು ಗಂಟೆಗಳ ಮೇಲೆ ತೆಗೆದ ಚಿತ್ರದಲ್ಲಿ ಗಂತಿಯೊಂದೇ ದೀಪದಂತೆ ಹೊಳೆಯುತ್ತದೆ, ಅದು ಎದೆಗೂಡಿನಲ್ಲಿ ಅಡಗಿದ್ದರೂ ಸಹ. ೧೯೮೦ರ ದಶಕದ ಕೊನೆಗೆ ಬಳಕೆಗೆ ಬಂದ ಈ ಉಪಾಯ ಕಪ್ತಾನ ಮಾರ್ಟೆಲ್ಲನ ಕಾಲಕ್ಕೆ ಇದ್ದಿದ್ದರೆ! ಆದರೂ ಚಿತ್ರದಲ್ಲಿ ಗಂತಿ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಆಗ ನುರಿತ ಶಸ್ತ್ರವೈದ್ಯನ ಕಣ್ಣು ಕೈಗಳೇ ಗತಿ.

ನೂರು ರೋಗಿಗಳಲ್ಲಿ ಸುಮಾರು ೮೦ರಿಂದ ೮೫ ಮಂದಿಗೆ ಒಂದೇ ಗ್ರಂಥಿಯಲ್ಲಿ ಸೌಮ್ಯವಾದ ಗಂತಿ ಇರುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಒಂದಕ್ಕಿಂತ ಹೆಚ್ಚು ಗ್ರಂಥಿಗಳು ಹಿಗ್ಗಿರುತ್ತವೆ. ಎಡೆ ಖಚಿತವಾಗಿದ್ದರೆ ಚಿಕ್ಕ ಕೊಯ್ತದಿಂದ ಆ ಒಂದನ್ನೇ ತೆಗೆಯಬಹುದು. ರೋಗದ ಬೇರು ಪೂರ್ತಿ ಹೋಯಿತೆಂದು ಶಸ್ತ್ರಶಾಲೆಯಲ್ಲಿಯೇ ತಿಳಿಯುವುದು ಹೇಗೆ? ಈ ಹಾರ್ಮೋನಿನ ಆಯುಸ್ಸು ಕೆಲವೇ ನಿಮಿಷಗಳದು. ಗಂತಿಯನ್ನು ತೆಗೆದ ಹತ್ತು ನಿಮಿಷಗಳಲ್ಲಿ ರಕ್ತದಲ್ಲಿ ಅದರ ಮಟ್ಟ ಅರ್ಧಕ್ಕಿಂತ ಕೆಳಗಿಳಿದರೆ ಕೆಲಸ ಸಾಧಿಸಿತೆಂದೇ ಅರ್ಥ. ಇಳಿಯದಿದ್ದರೆ ಇನ್ನೊಂದು ಗ್ರಂಥಿಯನ್ನು ಹುಡುಕಬೇಕು. ನುರಿತವರ ಕೈಯಲ್ಲಿ ನೂರಕ್ಕೆ ೯೫ಕ್ಕೂ ಹೆಚ್ಚು ರೋಗಿಗಳು ಗುಣಹೊಂದುವರು. ಧ್ವನಿಯ ನರಕ್ಕೆ ಪೆಟ್ಟು ತಗುಲಿ ಸ್ವರ ಒಡೆಯುವುದು ಈ ಚಿಕಿತ್ಸೆಯ ಮುಖ್ಯ ಅಪಾಯಗಳಲ್ಲೊಂದು. ಆದುದರಿಂದಲೇ ಅನುಭವಸ್ಥರನ್ನು ಆರಿಸಬೇಕೆನ್ನುವುದು.

ಗಂತಿ ಹೋದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ವರ್ಷಗಟ್ಟಲೆ ಸುಲಿಗೆಗೊಳಗಾಗಿದ್ದ ಮೂಳೆಗಳು ರಕ್ತದಲ್ಲಿರುವ ಕ್ಯಾಲ್ಸಿಯಮ್ಮನ್ನು ಹಸಿದವರಂತೆ ಹೀರತೊಡಗುತ್ತವೆ. ವೈದ್ಯರು ಇದನ್ನು ‘ಹಸಿದ ಮೂಳೆ’ ಎಂದೇ ಕರೆಯುತ್ತಾರೆ. ತುಟಿಯ ಸುತ್ತ ಜುಮುಗುಟ್ಟಿ, ಬೆರಳುಗಳು ಸೆಡೆಯಬಹುದು. ನಿನ್ನೆಯವರೆಗೆ ಕ್ಯಾಲ್ಸಿಯಂ ಹೆಚ್ಚಾಗಿ ನರಳುತ್ತಿದ್ದ ರೋಗಿಗೆ ಇಂದು ಅದನ್ನೇ ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ! ಕೆಲವು ವಾರ, ತಿಂಗಳುಗಳಲ್ಲಿ ಕಣಜ ತುಂಬಿದಂತೆ ಈ ಹಸಿವು ಅಡಗುತ್ತದೆ.

ಅಪರೂಪದಲ್ಲಿ ಅಪರೂಪ

ನೂರರಲ್ಲಿ ಒಬ್ಬರಿಗಿಂತಲೂ ಕಡಮೆ ರೋಗಿಗಳಲ್ಲಿ ಗಂತಿಯು ಸೌಮ್ಯವಾಗಿರದೆ ಕ್ಯಾನ್ಸರ್ ಆಗಿರುತ್ತದೆ. ಕ್ಯಾಲ್ಸಿಯಂ ೧೪ ಮಿಲಿಗ್ರಾಮನ್ನು ಮೀರಿದ್ದರೆ, ಹಾರ್ಮೋನು ಹಲವು ಪಟ್ಟು ಏರಿದ್ದರೆ, ಕೊರಳಿನಲ್ಲಿ ಗಟ್ಟಿಯಾದ ಗಂಟು ಕೈಗೆ ಸಿಕ್ಕಿದರೆ, ಮೂಳೆ ಮತ್ತು ಮೂತ್ರಪಿಂಡ ಎರಡೂ ಒಟ್ಟಿಗೆ ಹಾಳಾಗಿದ್ದರೆ ಶಂಕೆಗೆ ಎಡೆಯುಂಟು. ಇಲ್ಲಿ ಒಂದು ಎಚ್ಚರಿಕೆ: ಬೇರೆ ಗಡ್ಡೆಗಳಿಗೆ ಮಾಡುವಂತೆ ಸೂಜಿ ಚುಚ್ಚಿ ಇದರ ತುಣುಕನ್ನು ತೆಗೆಯಬಾರದು. ಸೂಜಿಯ ಜಾಡಿನಲ್ಲಿ ಕ್ಯಾನ್ಸರಿನ ಕಣಗಳು ಚೆಲ್ಲಬಹುದು.

ಸೌಮ್ಯ ಗಂತಿ ಮೃದುವಾಗಿ, ಕೆಂಪು ಕಂದು ಬಣ್ಣದ್ದಾಗಿ, ಸುಲಭವಾಗಿ ಬಿಡಿಸಿಕೊಂಡು ಬರುತ್ತದೆ. ಕ್ಯಾನ್ಸರ್ ಗಂತಿ ಬಿಳಿಚಿದ ಬೂದು ಬಣ್ಣದ್ದಾಗಿ, ಗಟ್ಟಿಯಾಗಿ, ನೆರೆಯ ಅಂಗಗಳಿಗೆ ಕಚ್ಚಿಕೊಂಡಿರುತ್ತದೆ. ಅದರ ಕವಚ ಒಡೆಯದಂತೆ, ಆ ಪಕ್ಕದ ಅರ್ಧ ಥೈರಾಯಿಡಿನ ಸಮೇತ ಇಡಿಯಾಗಿ ತೆಗೆಯಬೇಕು. ಈ ಮೊದಲನೆಯ ಶಸ್ತ್ರಚಿಕಿತ್ಸೆಯೇ ರೋಗಿಯ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕವಚ ಒಡೆದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ವಿಕಿರಣಕ್ಕಾಗಲಿ ಕ್ಯಾನ್ಸರಿನ ಸಾಮಾನ್ಯ ಔಷಧಗಳಿಗಾಗಲಿ ಇದು ಅಷ್ಟಾಗಿ ಬಗ್ಗುವುದಿಲ್ಲ. ವಿಚಿತ್ರವೆಂದರೆ ಇಲ್ಲಿ ರೋಗಿಯನ್ನು ಕೊಲ್ಲುವುದು ಗಡ್ಡೆಯ ಗಾತ್ರಕ್ಕಿಂತ ಹೆಚ್ಚಾಗಿ ಅದು ಏರಿಸುವ ಕ್ಯಾಲ್ಸಿಯಂ. ಆದುದರಿಂದ ಶಸ್ತ್ರಕ್ಕೆ ಎಟುಕದಷ್ಟು ಹರಡಿದಾಗಲೂ ಕ್ಯಾಲ್ಸಿಯಮ್ಮನ್ನು ತಗ್ಗಿಸುವುದರಿಂದ ಪ್ರಾಣವನ್ನು ಕಾಯಬಹುದು. ರಕ್ತನಾಳದ ಮೂಲಕ ಲವಣಜಲ, ಮೂಳೆ ಕರಗದಂತೆ ತಡೆಯುವ ಔಷಧಗಳು, ಗ್ರಂಥಿಯನ್ನು ಕ್ಯಾಲ್ಸಿಯಂ ಸಾಕಷ್ಟಿದೆಯೆಂದು ನಂಬಿಸಿ ಸುಮ್ಮನಾಗ ಮಾಡುವ ಸಿನಾಕಾಲ್ಸೆಟ್ ಎಂಬ ಮಾತ್ರೆ ಇವು ಅದಕ್ಕಿರುವ ಸಾಧನಗಳು. ಹೀಗೆ ಹಲವರು ಹತ್ತು ವರ್ಷಗಳನ್ನು ಮೀರಿ ಬದುಕಿದ್ದಾರೆ.

ಕೆಲವು ಕುಟುಂಬಗಳಲ್ಲಿ ಈ ಗಂತಿಗಳು ವಂಶಪಾರಂಪರ್ಯವಾಗಿ ಬರುತ್ತವೆ. ೧೯೯೭ರಲ್ಲಿ ಅಂತಹ ಒಂದು ಜೀನೂ ೨೦೦೨ರಲ್ಲಿ ಇನ್ನೊಂದೂ ಪತ್ತೆಯಾದುವು. ಎರಡನೆಯದರ ದೋಷವಿರುವವರಲ್ಲಿ ದವಡೆಯ ಗಡ್ಡೆಗಳೂ ಪ್ಯಾರಾಥೈರಾಯಿಡಿನ ಕ್ಯಾನ್ಸರೂ ಕಾಣಬಹುದು. ಆದುದರಿಂದ ಚಿಕ್ಕ ವಯಸ್ಸಿನ ರೋಗಿ ಬಂದಾಗ ವೈದ್ಯರು ಅಣ್ಣತಮ್ಮಂದಿರ, ಅಕ್ಕತಂಗಿಯರ ಆರೋಗ್ಯವನ್ನೂ ವಿಚಾರಿಸುವರು.

ಕಡೆಯ ಮಾತು

ನಮ್ಮ ಗೃಹಿಣಿಯ ಗಂತಿಯನ್ನು ತೆಗೆದರೆಂದೂ, ಒಂದು ವರ್ಷದ ಮೇಲೆ ಆಕೆ ಅಂಗಳದಲ್ಲಿ ಕೋಲಿಲ್ಲದೆ ನಡೆದಳೆಂದೂ ಊಹಿಸಿಕೊಳ್ಳಲು ಅಡ್ಡಿಯಿಲ್ಲ. ಇದು ಕನಸಲ್ಲ, ದಿನದಿನವೂ ಆಸ್ಪತ್ರೆಗಳಲ್ಲಿ ನಡೆಯುತ್ತಿರುವ ಸಂಗತಿ. ಆದರೆ ಮೂಳೆಗಳು ಮರಳಿ ತುಂಬಿಕೊಳ್ಳುವಂತೆ ಮೂತ್ರಪಿಂಡಗಳು ತುಂಬಿಕೊಳ್ಳಲಾರವು. ಕಲ್ಲುಗಳಿಂದ ಹಾಳಾದ ಭಾಗ ಹಾಳಾದಂತೆಯೇ. ತಡಮಾಡಿದ ಒಂದೊಂದು ವರ್ಷಕ್ಕೂ ರೋಗಿ ತೆರುವ ದಂಡ ಅದು.

ವಾಚಕರಾದ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ಹಲವರು ಆಗಲಾರಿರಿ. ಆದರೆ ನಿಮ್ಮೆಲ್ಲರ ಮನೆಗಳಲ್ಲಿಯೂ ಅತ್ತೆಯೋ ಚಿಕ್ಕಮ್ಮನೋ ಅಜ್ಜಿಯೋ ಮೂಳೆನೋವೆಂದು ನರಳುವವರಿರುತ್ತಾರೆ. ಅವರಲ್ಲಿ ಬಹುಪಾಲು ಜನಕ್ಕೆ ಈ ರೋಗವಿರುವುದಿಲ್ಲ, ವಿನಾಕಾರಣ ಹೆದರಬೇಕಾದುದಿಲ್ಲ. ಆದರೆ ಮೇಲಿಂದಮೇಲೆ ಕಲ್ಲುಗಟ್ಟುವವರಿಗೂ, ಅಲ್ಪ ಪೆಟ್ಟಿಗೆ ಮೂಳೆ ಮುರಿದವರಿಗೂ ಸುಣ್ಣದ ಮಾತ್ರೆಯನ್ನು ನುಂಗಿಸುವ ಮುನ್ನ ರಕ್ತದ ಕ್ಯಾಲ್ಸಿಯಂ ನೋಡಿಸಿದ್ದೀರಾ ಎಂದು ಕೇಳುವುದು ತಪ್ಪಲ್ಲ. ಬಳ್ಳಿಗಾವೆಯ ಮಠದಲ್ಲಿ ಔಷಧಿಯನ್ನು ಕೊಟ್ಟವರಿಗೆ ಈ ನಾಲ್ಕು ಕಾಳುಗಳ ಸುದ್ದಿ ತಿಳಿದಿರಲಿಲ್ಲ. ನಮಗೆ ತಿಳಿದಿದೆ; ತಿಳಿದೂ ಕೇಳದೆ ಇದ್ದರೆ ತಪ್ಪು ನಮ್ಮದೇ.